ಪಾವ್ ಕಿಲೋ ಬದ್ನಿಕಾಯಿ

ಗೇಟಿನ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಸಾಲು. ಶನಿವಾರ ಮಕ್ಕಳ ಸಂತೆ. ಮನೆಯವರೆಲ್ಲ ಬರಬೇಕು. ಚಿಲ್ಲರೆ ತರಬೇಕು. ಮೂರನೆಯ ಸಾಲಿನ ಕೆಳಗೆ ಯಾರೋ ಎರಡು ಗೆರೆ ಎಳೆದಿದ್ದಾರೆ. ಹಾವೇರಿ ಜಿಲ್ಲೆಯ ಈ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಸುದ್ದಿಪತ್ರಿಕೆ ಎಂದರೆ ಆ ಹಲಗೆಯೇ. ಮೊಟ್ಟೆ ಕೊಡುವ ದಿನ, ಲಸಿಕೆಯವರು ಬರುವ ದಿನ, ಎಸ್‌ಡಿಎಂಸಿ ಸಭೆ, ಎಲ್ಲವೂ ಮೊದಲು ಅಲ್ಲಿ ಮೂಡಿ ಆಮೇಲೆ ಮಕ್ಕಳ ಬಾಯಲ್ಲಿ ಓಣಿ ಓಣಿ ತಿರುಗುತ್ತವೆ.

ಶನಿವಾರ ಬೆಳಿಗ್ಗೆ ಧ್ವಜಕಟ್ಟೆಯಿಂದ ಬಿಸಿಯೂಟದ ಕೋಣೆಯವರೆಗೆ ಎರಡು ಸಾಲು ಅಂಗಡಿ. ಗೋಣಿಚೀಲ, ತಾಡಪತ್ರಿ, ಅವ್ವನ ಹಳೆಯ ಸೀರೆ, ಯಾರಿಗೆ ಏನು ಸಿಕ್ಕಿತೋ ಅದನ್ನೇ ಹಾಸಿದ್ದರು. ಮೆಂತೆ ಸಿವುಡು, ಕೊತ್ತಂಬರಿ, ಸವತಿಕಾಯಿ, ಪೇರಲ ಹಣ್ಣು, ಬಾರಿಹಣ್ಣು. ಮೂಲೆಯಲ್ಲಿ ಆರನೇ ಕ್ಲಾಸಿನ ಹುಡುಗಿಯರ ಗಿರ್ಮಿಟ್ ಅಂಗಡಿ. ಉಳ್ಳಾಗಡ್ಡಿ ಹೆಚ್ಚಿ ಕಣ್ಣೀರು ಸುರಿಯುತ್ತಿದ್ದರೂ ಕೂಗು ನಿಂತಿಲ್ಲ. ಅಂಗಡಿಯ ಪೊಟ್ಟಣದ ಕುರುಕಲು ತಂದು ಮಾರುವಂತಿಲ್ಲ ಎಂದು ಮಾಸ್ತರು ಮೊದಲೇ ಕಟ್ಟಪ್ಪಣೆ ಮಾಡಿದ್ದರಂತೆ. ಒಳ್ಳೆಯ ಕೆಲಸ. ಹೊಲದಲ್ಲಿ ಬೆಳೆದದ್ದು, ಮನೆಯಲ್ಲಿ ಮಾಡಿದ್ದು ಬಂದರೇ ಇದಕ್ಕೆ ಸಂತೆಯ ಕಳೆ.

ಮೆಟ್ರಿಕ್ ಮೇಳ ಎಂದೂ ಇದನ್ನು ಕರೆಯುತ್ತಾರೆ. ತೂಕ, ಅಳತೆ, ಹಣ, ಲಾಭ–ನಷ್ಟ, ಪುಸ್ತಕದ ಬೇರೆ ಬೇರೆ ಹಾಳೆಗಳಲ್ಲಿರುವ ಪಾಠಗಳು ಅಂದು ಒಟ್ಟಿಗೆ ನೆಲಕ್ಕಿಳಿಯುತ್ತವೆ.

ಐದನೇ ಕ್ಲಾಸಿನ ಹುಡುಗನೊಬ್ಬ ಬದನೆಕಾಯಿ ರಾಶಿ ಹಾಕಿಕೊಂಡು ಕುಳಿತಿದ್ದ. ಗಿರಾಕಿ ಬರುವ ಮೊದಲೇ ಖಾಲಿ ತಕ್ಕಡಿ ಎತ್ತಿ ನೋಡಿದ. ಎಡದ ತಟ್ಟೆ ತುಸು ಮೇಲೆ. ಅಂಗಳದಲ್ಲಿ ಹುಡುಕಿ ಒಂದು ಹರಳು ತಂದು ಆ ಬದಿಯ ದಾರಕ್ಕೆ ಕಟ್ಟಿ, ಮತ್ತೆ ಎತ್ತಿ ನೋಡಿದ. ಪಾಸಂಗ ತೆಗೆಯುವುದನ್ನು ಯಾವ ಪಠ್ಯಪುಸ್ತಕ ಹೇಳಿಕೊಟ್ಟೀತು? ಅಪ್ಪನ ಜೊತೆ ಸಂತೆಗೆ ಹೋಗಿ ಕಲಿತದ್ದು.

‘ಕಿಲೋ ಹೆಂಗಪಾ?’ ಅಜ್ಜಿಯೊಬ್ಬಳು ಕುಕ್ಕರುಗಾಲಲ್ಲಿ ಕುಳಿತಳು.

‘ನಲವತ್ರೀ ಅಜ್ಜಿ.’

‘ಪಾವ್ ಕಿಲೋ ಹಾಕು. ಹುಳುಕ ಹಾಕಬ್ಯಾಡ ಮತ್ತ.’

ಅವನ ಬಳಿ ಇನ್ನೂರೈವತ್ತರ ಕಲ್ಲು ಇರಲಿಲ್ಲ. ಇನ್ನೂರರದ್ದು ಇಟ್ಟ, ಪಕ್ಕಕ್ಕೆ ಐವತ್ತರದ್ದು ಇಟ್ಟ, ಒಂದು ಕ್ಷಣ ಎರಡನ್ನೂ ದಿಟ್ಟಿಸಿದ. ನಲವತ್ತರಲ್ಲಿ ಕಾಲು ಭಾಗ ಹತ್ತು ಎಂಬುದು ಬಾಯಿಗೆ ಬರುವ ಮೊದಲು ಬೆರಳ ತುದಿಗೆ ಬಂದಿತ್ತು. ಅತ್ತ ಶೇಂಗಾ ಉಂಡಿ ಮಾರುತ್ತಿದ್ದ ಹುಡುಗಿ ಐದು ರೂಪಾಯಿಯಂತೆ ಏಳು ಉಂಡಿ ಕೊಟ್ಟು ಐವತ್ತರ ನೋಟು ಇಸಕೊಂಡಳು. ಕಳೆಯುವ ಗೋಜಿಗೇ ಹೋಗಲಿಲ್ಲ. ‘ಮೂವತ್ತೈದು’ ಎಂದು ಶುರು ಮಾಡಿ, ಐದರ ನಾಣ್ಯ ಇಟ್ಟು ‘ನಲವತ್ತು’, ಹತ್ತರ ನೋಟು ಇಟ್ಟು ‘ಐವತ್ತು’ ಎಂದಳು. ಇದೇ ಲೆಕ್ಕವನ್ನು ಪಟ್ಟಿಯಲ್ಲಿ ಮಾಡುವಾಗ ಹತ್ತರ ಮನೆಯಿಂದ ಸಾಲ ತಂದು ಎಷ್ಟೋ ಮಕ್ಕಳು ತಪ್ಪುತ್ತಾರೆ.

ಪೇಟೆಯ ಲೆಕ್ಕಕ್ಕೂ ಪಾಟಿಯ ಲೆಕ್ಕಕ್ಕೂ ನಡುವೆ ಇರುವ ಈ ಕಂದಕ ಚಿಕ್ಕದಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ವ್ಯಾಪಾರದಲ್ಲಿ ಕಷ್ಟದ ಲೆಕ್ಕವನ್ನೂ ತಲೆಯಲ್ಲೇ ಬಿಡಿಸುವ ಆ ಮಕ್ಕಳು ಶಾಲೆಯ ರೀತಿಯ ಸರಳ ಲೆಕ್ಕಕ್ಕೆ ತಡವರಿಸಿದರು. ಶಾಲೆಯಲ್ಲಷ್ಟೇ ಕಲಿತವರು ವ್ಯಾಪಾರದ ಲೆಕ್ಕಕ್ಕೆ ಸೋತರು. ಅದನ್ನು ಓದಿದ ಮೇಲೆ ಮಕ್ಕಳ ಸಂತೆಯನ್ನು ವರ್ಷಕ್ಕೊಂದು ಮೋಜು ಎಂದು ಸುಮ್ಮನೆ ನೋಡಲು ನನಗೆ ಆಗುತ್ತಿಲ್ಲ. ಎರಡೂ ಲೆಕ್ಕ ಒಂದೇ ಎಂದು ಮಗುವಿಗೆ ತೋರಿಸುವ ಜಾಗ ಇದು.

ಚೀಲ ತುಂಬಿದ ತಾಯಂದಿರು ಒಬ್ಬೊಬ್ಬರಾಗಿ ನಲಿ–ಕಲಿ ಕೋಣೆಗೆ ಇಣುಕಿದರು. ಮಕ್ಕಳ ಎತ್ತರಕ್ಕೆ ಗೋಡೆಗೆ ಬಳಿದ ಕಪ್ಪು ಪಟ್ಟಿ, ತಲೆಯ ಮೇಲೆ ಎಳೆದ ದಾರಗಳಲ್ಲಿ ತೂಗುವ ಮಕ್ಕಳ ಚಿತ್ರಗಳು. ಅದಕ್ಕೆ ಚಪ್ಪರ ಎನ್ನುತ್ತಾರೆ. ಒಬ್ಬ ತಾಯಿ ಅಳುಕುತ್ತಲೇ ಕೇಳಿದಳು: ‘ಅಕ್ಕೋರ, ನಮ್ ಹುಡುಗಿ ಅ ಆ ಬಿಟ್ಟು ರ ಗ ಅಂತಾಳ. ತಪ್ಪಲ್ಲೇನ್ರೀ?’

ಅಕ್ಕೋರು ಉತ್ತರ ಹೇಳದೆ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟರು. ರ, ಗ, ಸ, ದ, ಅ. ಐದೇ ಅಕ್ಷರ. ಹುಡುಗಿ ಬರೆದಳು: ಸರ. ಅರಸ. ಗರಗಸ. ಕೊನೆಗೆ ‘ದಸರ’ ಬರೆದಾಗ ತಾಯಿ ಜೋರಾಗಿ ಓದಿಬಿಟ್ಟಳು. ವರ್ಣಮಾಲೆಯ ಸಾಲು ಮುಗಿಯುವವರೆಗೆ ಕಾಯಿಸದೆ, ಮೊದಲ ಐದಕ್ಷರದಲ್ಲೇ ಓದುವ ಸುಖ ಕೊಡುವ ಕ್ರಮ ಇದು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ನಲಿ–ಕಲಿಯನ್ನು ಕಟ್ಟಿದರು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಷ್ಟು ವರ್ಷವಾದರೂ ಮನೆಯವರಿಗೆ ಇದನ್ನು ಕೂರಿಸಿ ತೋರಿಸಿದವರು ಕಡಿಮೆ. ಅಂಕಪಟ್ಟಿಗೆ ರುಜು ಹಾಕಿಸಿ ಕಳಿಸುವ ಸಭೆಗಳೇ ಹೆಚ್ಚು.

ಹೊರಡುವಾಗ ಅಕ್ಕೋರು ತಾಯಂದಿರಿಗೂ ಮನೆಗೆಲಸ ಕೊಟ್ಟರು. ಕಿರಾಣಿ ಚೀಟಿಯನ್ನು ಇನ್ನು ಮೇಲೆ ಮಗುವೇ ಬರೆಯಲಿ, ಒತ್ತು ತಪ್ಪಿದರೆ ಬೈಯಬೇಡಿ. ಕರೆಂಟ್ ಬಿಲ್ಲಿನ ಮೊತ್ತ, ಬಸ್ಸಿನ ಬೋರ್ಡು ಅವರಿಂದಲೇ ಓದಿಸಿ. ಅಕ್ಷರ ಬಾರದ ಅಜ್ಜಿಯರಿಗೆ ಬೇರೆ ಕೆಲಸ: ಸೇರು, ಪಾವಿನಲ್ಲಿ ಅಕ್ಕಿ ಅಳೆದು ತೋರಿಸಿ, ಎಷ್ಟು ಪಾವಿಗೆ ಒಂದು ಸೇರು ಎಂದು ಮೊಮ್ಮಕ್ಕಳನ್ನು ಕೇಳಿ.

ಸೋಮವಾರ ಏಳನೇ ಕ್ಲಾಸಿನಲ್ಲಿ ಜಮಾ–ಖರ್ಚು. ಬಂಡವಾಳ, ಮಾರಿದ್ದು, ಲಾಭ ಅಥವಾ ನಷ್ಟ ಎಂದು ಮೂರು ಕಾಲಂ. ಪೇರಲ ಕೊಂಡು ತಂದು ಮಾರಿದವನಿಗೆ ನಷ್ಟ. ಅವನ ಲೆಕ್ಕವನ್ನೇ ಮಾಸ್ತರು ಮೊದಲು ಹಲಗೆಗೆ ಏರಿಸಿದರು. ಮೆಂತೆ ಮಾರಿದ ಹುಡುಗ ಮಾತ್ರ ಮೊದಲ ಕಾಲಮ್ಮಿನಲ್ಲೇ ಸಿಕ್ಕಿಬಿದ್ದಿದ್ದ.

‘ಹಿತ್ತಲದಾಗ ಬೆಳೆದಿದ್ರೀ ಸರ್. ಬಂಡವಾಳ ಏನಂತ ಬರೀಲಿ?’

‘ಅವ್ವನ್ನ ಕೇಳ್ಕೊಂಡ ಬಾ.’

ಮರುದಿನ ಅವನು ತಂದ ಹಾಳೆಯಲ್ಲಿ ಬೀಜಕ್ಕೆ ಇಪ್ಪತ್ತು ರೂಪಾಯಿ, ಗೊಬ್ಬರ ಮನೆಯದು ಎಂದಿತ್ತು. ನೀರು ಹೊತ್ತು ಹಾಕಿದ ಅವ್ವನ ಕೂಲಿ ಹಿಡಿಯಬೇಕೋ ಬೇಡವೋ ಎಂದು ಅವ್ವನೇ ಕೇಳಿ ಕಳಿಸಿದ್ದಳು. ಆ ದಿನದ ಗಣಿತದ ಪಿರಿಯಡ್ ಪೂರ್ತಿ ಅದಕ್ಕೇ ಹೋಯಿತು. ಹಿಡಿಯಲೇಬೇಕು ಎಂದು ಹುಡುಗಿಯರು ಪಟ್ಟು ಹಿಡಿದರು. ಹಿಡಿದರೆ ಲಾಭವೇ ಉಳಿಯುವುದಿಲ್ಲ ಎಂದು ಹುಡುಗರು. ಮಾಸ್ತರು ಎರಡು ಬಗೆಯಲ್ಲೂ ಲೆಕ್ಕ ಮಾಡಿಸಿ, ಎರಡನ್ನೂ ಮನೆಗೆ ಒಯ್ದು ಅವ್ವನಿಗೆ ಓದಿ ಹೇಳಲು ಕಳಿಸಿದರು.