ಸ್ಟಿಯರಿಂಗ್ ಸಡಿಲವಾದರೆ ಹುಡುಕುವುದೆಲ್ಲಿ?

ಎತ್ತಿನ ಬಂಡಿಯ ಗಾಲಿ ಅಲುಗಾಡತೊಡಗಿದರೆ ಬಂಡಿ ಹೊಡೆಯುವವನು ಕೆಳಗಿಳಿದು ಮೊದಲು ಅಚ್ಚಿನ ತುದಿಯ ಕಡಾಣಿಯನ್ನು ನೋಡುತ್ತಾನೆ. ಅಲ್ಲಿ ಹುಡುಕುವುದಕ್ಕೆ ಹೆಚ್ಚೇನೂ ಇಲ್ಲ. ಹಳೆಯ ಕಾರಿನ ಸ್ಟಿಯರಿಂಗ್ ಸಡಿಲವಾದರೆ ಮಾತು ಬೇರೆ. ನಿಮ್ಮ ಕೈಯಲ್ಲಿರುವ ಚಕ್ರಕ್ಕೂ ರಸ್ತೆಯ ಮೇಲಿನ ಗಾಲಿಗೂ ನಡುವೆ ಹತ್ತಾರು ಕೀಲುಗಳಿವೆ. ಸವೆದದ್ದು ಯಾವುದು?

ಕೆಲವು ವರ್ಷಗಳ ಹಿಂದೆ ಕಿನ್ನಾಳದ ಮರದ ಗೊಂಬೆಗಳ ಬಗ್ಗೆ ಚಿತ್ರೀಕರಣಕ್ಕೆಂದು ನಾವು ಕೊಪ್ಪಳಕ್ಕೆ ಹೋಗಿದ್ದೆವು. ಮಿತ್ರರೊಬ್ಬರ ಹಳೆಯ ಪ್ರೀಮಿಯರ್ ಪದ್ಮಿನಿ ನಮ್ಮ ಜೊತೆಗಿತ್ತು. ನೇರ ರಸ್ತೆಯಲ್ಲೂ ಚಾಲಕ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ತಿದ್ದುತ್ತಲೇ ಇರುವುದನ್ನು ಕಂಡು ಕೇಳಿದಾಗ, "ಲೂಸ್ ಐತ್ರಿ ಸಾರ್, ಬಾಕ್ಸ್ ಟೈಟ್ ಮಾಡಿಸಿದ್ರ ಆತು" ಎಂದ. ದಾರಿಯ ಒಂದು ಗ್ಯಾರೇಜಿನಲ್ಲಿ ಸ್ಟಿಯರಿಂಗ್ ಬಾಕ್ಸಿನ ತಲೆಯ ಮೇಲಿನ ಸ್ಕ್ರೂ ಬಿಗಿಸಿಕೊಂಡೂ ಬಂದ. ಹತ್ತೇ ನಿಮಿಷದ ಕೆಲಸ. ಸಂಜೆ ಒಂದು ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿತು, ಆದರೆ ತಾನಾಗಿ ಹಿಂದಕ್ಕೆ ಬರಲಿಲ್ಲ. ಚಾಲಕ ಎರಡೂ ಕೈಗಳಿಂದ ಎಳೆದು ನೇರ ಮಾಡುವಷ್ಟರಲ್ಲಿ ಕಾರು ರಸ್ತೆ ಬಿಟ್ಟು ಎರೆಹೊಲದ ಅಂಚಿಗೆ ಇಳಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಎದುರಿನಿಂದ ಗಂಗಾವತಿಯ ಭತ್ತದ ಲಾರಿ ಬರುತ್ತಿದ್ದರೆ ಈ ಲೇಖನ ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ.

ಸ್ವಲ್ಪ ಸಡಿಲವಿದ್ದರೆ ಏನು ಮಹಾ ಎನ್ನುವವರಿಗಾಗಿ ಒಂದು ಸಣ್ಣ ಲೆಕ್ಕ. ಸ್ಟಿಯರಿಂಗ್ ಚಕ್ರದ ವ್ಯಾಸ 40 ಸೆಂ.ಮೀ. ಎಂದುಕೊಳ್ಳಿ. ಅದರ ಅಂಚಿನಲ್ಲಿ 5 ಸೆಂ.ಮೀ. ಎಂದರೆ ಸುಮಾರು 14 ಡಿಗ್ರಿ. ಸ್ಟಿಯರಿಂಗ್ 15 ಡಿಗ್ರಿ ತಿರುಗಿದಾಗ ಗಾಲಿ 1 ಡಿಗ್ರಿ ತಿರುಗುವ ಕಾರಾದರೆ, ಗಾಲಿಯ ಪಾಲಿಗೆ ಅದು ಹೆಚ್ಚುಕಡಿಮೆ 1 ಡಿಗ್ರಿ. ಅತ್ಯಲ್ಪವೆನಿಸುತ್ತದೆ, ಅಲ್ಲವೇ? ಆದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2.4 ಮೀಟರ್ ಇದ್ದು, ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ, ಆ 1 ಡಿಗ್ರಿಯ ತಿರುವು ಕಾರನ್ನು ಒಂದು ಸೆಕೆಂಡಿನಲ್ಲಿ ಸುಮಾರು ಒಂದು ಮೀಟರ್ ಪಕ್ಕಕ್ಕೆ ಒಯ್ಯುತ್ತದೆ. ಎರಡು ಸೆಕೆಂಡಿನಲ್ಲಿ ನಾಲ್ಕು ಮೀಟರ್! ಭೌತಶಾಸ್ತ್ರ ಓದುವವರು ವೃತ್ತಚಲನೆಯ ಪಾಠ ತೆರೆದು ಇದನ್ನು ತಾವೇ ಪರೀಕ್ಷಿಸಬಹುದು.

ಮರುದಿನ ಕೊಪ್ಪಳದ ಇನ್ನೊಂದು ಗ್ಯಾರೇಜಿನ ಹಿರಿಯ ಮೇಸ್ತ್ರಿಯೊಬ್ಬರು ಪಾನಾ ಮುಟ್ಟುವ ಮೊದಲೇ ಹೇಳಿದ ಮಾತು: "ಎಲ್ಲಿ ಅಳ್ಳಾಡತೈತಿ ಅಂತ ನೋಡದ ಬಿಗಿ ಮಾಡಬಾರದ್ರಿ." ಅವರು ನೋಡಿದ ಕ್ರಮವನ್ನೇ ನಿಮಗೆ ವಿವರಿಸುತ್ತೇನೆ.

ಕಾರನ್ನು ಸಮತಟ್ಟಾದ ಜಾಗದಲ್ಲಿ, ಗಾಲಿಗಳು ನೇರವಾಗಿರುವಂತೆ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಬೇಕು. ಒಬ್ಬರು ಒಳಗೆ ಕುಳಿತು ಎರಡು ಬೆರಳಿನಿಂದ ಸ್ಟಿಯರಿಂಗನ್ನು ಆ ಕಡೆ ಈ ಕಡೆ ನಿಧಾನವಾಗಿ ಅಲುಗಿಸಬೇಕು. ಇನ್ನೊಬ್ಬರು ಮುಂದಿನ ಗಾಲಿಯನ್ನು ನೋಡುತ್ತಿರಬೇಕು. ಗಾಲಿ ಕದಲದೆ ಸ್ಟಿಯರಿಂಗಿನ ಅಂಚು ಎಷ್ಟು ಸರಿಯುತ್ತದೆಯೋ ಅಷ್ಟು ಸಡಿಲ. ಬಾಕ್ಸ್ ಇರುವ ಹಳೆಯ ಕಾರುಗಳಲ್ಲಿ ಎರಡು–ಮೂರು ಸೆಂ.ಮೀ. ಇದ್ದರೆ ಗಾಬರಿ ಬೇಡ. ನಮ್ಮದರಲ್ಲಿ ಐದಕ್ಕೂ ಮೀರಿತ್ತು.

ಈಗ ಅಲುಗಾಟ ನಿಲ್ಲಿಸದೆ ಸರಪಳಿಯನ್ನು ಹಿಂಬಾಲಿಸಿ. ಸ್ಟಿಯರಿಂಗಿನ ಕಂಬ, ಬಾಕ್ಸು, ಬಾಕ್ಸಿನಿಂದ ಹೊರಬಂದ ತೋಳು, ಅಡ್ಡ ಸರಳು, ಅದನ್ನು ಇನ್ನೊಂದು ಬದಿಯಲ್ಲಿ ಹಿಡಿದಿರುವ ಐಡ್ಲರ್ ತೋಳು, ಎರಡೂ ಕಡೆಯ ಟೈ ರಾಡುಗಳು, ಅವುಗಳ ತುದಿಯ ಬಾಲ್ ಜಾಯಿಂಟುಗಳು. ಪ್ರತಿ ಕೀಲಿನ ಮೇಲೂ ಬೆರಳಿಟ್ಟು ನೋಡಿ. ಒಂದು ಭಾಗ ಕದಲುತ್ತಿದೆ, ಅದಕ್ಕೆ ಜೋಡಿಸಿದ ಮುಂದಿನ ಭಾಗ ಸುಮ್ಮನಿದೆ ಎಂದರೆ ದೋಷ ಆ ಎರಡರ ನಡುವೆಯೇ ಇದೆ. ಹೆಸರುಗಳು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಕಣ್ಣಿಗೆ ಮೋಸವಾದರೂ ಬೆರಳಿಗೆ ಆಗದು.

ನಮ್ಮ ಕಾರಿನಲ್ಲಿ ಬಾಕ್ಸಿನ ತೋಳು ಕೂಡಲೇ ತಿರುಗುತ್ತಿತ್ತು, ಎಡ ಟೈ ರಾಡೂ ಕದಲುತ್ತಿತ್ತು, ಗಾಲಿ ಮಾತ್ರ ಇಲ್ಲ. ತುದಿಯ ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದುಹೋಗಿತ್ತು. ಆ ಸೀಮೆಯ ಬೇಸಿಗೆಯ ದೂಳು ಒಳಗೆ ಸೇರಿ ಗ್ರೀಸಿನೊಡನೆ ಬೆರೆತರೆ ಉಕ್ಕನ್ನು ಸವೆಸುವ ಒಳ್ಳೆಯ ಮಸಾಲೆ ಸಿದ್ಧವಾದಂತೆ. ದೋಷವಿದ್ದದ್ದು ಆ ಒಂದು ಸಣ್ಣ ಭಾಗದಲ್ಲಿ, ಬಾಕ್ಸಿನಲ್ಲಲ್ಲ.

ಇಲ್ಲಿಯೂ ತಿಳಿಯದಿದ್ದರೆ ಗಾಲಿಯನ್ನು ಜಾಕ್‌ನಿಂದ ಎತ್ತಿ ಅಲುಗಿಸಿ ನೋಡಬೇಕು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಕಾರಿನ ಕೆಳಗೆ ಭದ್ರವಾದ ಸ್ಟ್ಯಾಂಡ್ ಇಟ್ಟ ಮೇಲೆಯೇ ಈ ಕೆಲಸ. ಬರೀ ಜಾಕ್ ನಂಬಿ ಕಾರಿನಡಿ ತಲೆ ಹಾಕುವವರನ್ನು ಕಂಡರೆ ನನಗೆ ಈಗಲೂ ಮೈ ನಡುಗುತ್ತದೆ. ಗಾಲಿಯ ಎಡ–ಬಲ ಅಂಚುಗಳನ್ನು ಹಿಡಿದು ಅಲುಗಿಸಿದಾಗ ಮಾತ್ರ ಆಟವಿದ್ದರೆ ಟೈ ರಾಡಿನ ಕಡೆ ನೋಡಿ. ಮೇಲೆ–ಕೆಳಗೆ ಹಿಡಿದಾಗಲೂ ಇದ್ದರೆ ಗಾಲಿಯ ಬೇರಿಂಗ್ ಇಲ್ಲವೇ ಕಿಂಗ್‌ಪಿನ್. ಇವೆರಡನ್ನು ಬೇರ್ಪಡಿಸಲು ಒಂದು ಸೊಗಸಾದ ಉಪಾಯವಿದೆ: ಒಳಗಿರುವವರು ಬ್ರೇಕ್ ತುಳಿಯಲಿ. ಬ್ರೇಕು ಗಾಲಿಯನ್ನು ಅದರ ಅಚ್ಚಿಗೆ ಬಿಗಿದು ಹಿಡಿಯುತ್ತದೆ. ಆಟ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಕಿಂಗ್‌ಪಿನ್.

ಹಾಗಾದರೆ ಸ್ಕ್ರೂ ಬಿಗಿಸಿದ್ದರಿಂದ ಆದ ತೊಂದರೆಯೇನು? ನಾವು ಬಹುಪಾಲು ನೇರ ರಸ್ತೆಯಲ್ಲೇ ಓಡಿಸುವುದರಿಂದ ಬಾಕ್ಸಿನೊಳಗಿನ ಹಲ್ಲುಗಳು ನಡುಭಾಗದಲ್ಲೇ ಹೆಚ್ಚು ಸವೆಯುತ್ತವೆ. ನಡುವೆ ಬಿಗಿಯಾಗುವಂತೆ ಸ್ಕ್ರೂ ತಿರುಗಿಸಿದರೆ, ಸವೆಯದ ಪಕ್ಕದ ಭಾಗಗಳು ಕಚ್ಚಿಕೊಳ್ಳುತ್ತವೆ. ತಿರುವು ಮುಗಿದ ಮೇಲೆ ಗಾಲಿಗಳು ತಾವಾಗಿ ನೇರವಾಗುವುದು ಕಿಂಗ್‌ಪಿನ್ನಿಗೆ ಕೊಟ್ಟಿರುವ ಓರೆಯಿಂದ. ಕಚ್ಚಿಕೊಂಡ ಬಾಕ್ಸ್ ಅದಕ್ಕೆ ಅಡ್ಡ ನಿಲ್ಲುತ್ತದೆ. ಹೀಗೆ, ಇಲ್ಲದ ದೋಷವನ್ನು ತಿದ್ದಹೋಗಿ ನಾವು ಹೊಸದೊಂದನ್ನು ತಂದುಕೊಂಡಿದ್ದೆವು.

ಅಂಬಾಸಿಡರ್ ಮತ್ತು ಮಾರುತಿ 800 (ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು) ಕಾರುಗಳಲ್ಲಿ ಇಂಥ ಬಾಕ್ಸ್ ಇಲ್ಲ. ಹಲ್ಲಿನ ಸರಳು ಮತ್ತು ಪುಟ್ಟ ಗೇರು ಸೇರಿದ ರ‍್ಯಾಕ್ ಇದೆ. ಅವುಗಳಲ್ಲಿ ಸಡಿಲ ಇನ್ನೂ ಕಡಿಮೆ ಇರಬೇಕು. ಹುಡುಕುವ ಕ್ರಮ ಅದೇ. ಪವರ್ ಸ್ಟಿಯರಿಂಗ್ ಇದ್ದರೆ ಮಾತ್ರ ಎಂಜಿನ್ ಚಾಲೂ ಇಟ್ಟು ಅಳೆಯಬೇಕು. ಸಡಿಲವೇ ಇಲ್ಲದೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ಮೊದಲು ಟೈರಿನ ಗಾಳಿ ನೋಡಿ.

ಮೇಸ್ತ್ರಿ ಮೊದಲು ಸ್ಕ್ರೂವನ್ನು ಹಿಂದಕ್ಕೆ ಸಡಿಲಿಸಿದರು. ಆಮೇಲೆ ಹಳೆಯ ಜಾಯಿಂಟನ್ನು ಬಿಚ್ಚುವಾಗ ಎಷ್ಟು ಸುತ್ತು ಬಂತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಕೂರಿಸಿದರು. ಟೈ ರಾಡಿನ ಉದ್ದ ಬದಲಾದರೆ ಗಾಲಿಗಳು ಸೊಟ್ಟಗಾಗಿ ಟೈರು ಬೇಗ ಸವೆಯುತ್ತದೆ. ಆದರೂ ಅಲೈನ್‌ಮೆಂಟ್ ಮಾಡಿಸಲೇಬೇಕೆಂದು ತಾಕೀತು ಮಾಡಿ ಕಳಿಸಿದರು. ಹೊರಡುವ ಮುನ್ನ ನಾನೇ ಸ್ಕೇಲು ಹಿಡಿದು ಅಳೆದೆ: ಎರಡು ಸೆಂಟಿಮೀಟರ್.