ಸತ್ತದ್ದು ಆಲ್ಟರ್ನೇಟರೋ, ಅದರೊಳಗಿನ ಬ್ರಷ್ಷೋ?

ಬಳ್ಳಾರಿಯ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕೆಂಪು ಬ್ಯಾಟರಿ ದೀಪ ಹೊತ್ತಿಕೊಂಡು ಆರದೆ ನಿಂತರೆ ಮೊದಲು ನೆನಪಾಗುವವನು ಆಟೋ ಎಲೆಕ್ಟ್ರಿಷಿಯನ್. ಆತ ಬಾನೆಟ್ ಎತ್ತಿ, ಅಲ್ಲಿ ಇಲ್ಲಿ ಟೆಸ್ಟ್ ಲ್ಯಾಂಪ್ ಮುಟ್ಟಿಸಿ, ‘ಡೈನಮೋ ಹೋಗೈತ್ರಿ. ಹೊಸಾದು ಹಾಕೋಣೇನ್ರಿ, ಇದನ್ನೇ ಬಿಚ್ಚಿ ಮಾಡೋಣೇನ್ರಿ?’ ಅನ್ನುತ್ತಾನೆ. ನಾವು ತಟ್ಟನೆ ಕೇಳುವುದು, ಎಷ್ಟಾಗುತ್ತದೆ ಎಂದು. ದುಡ್ಡಿನ ಮಾತಿಗೆ ಮುಂಚೆ ಇನ್ನೆರಡು ಮಾತು ಕೇಳಬೇಕು: ಒಳಗೆ ಕೆಟ್ಟ ಭಾಗ ಯಾವುದು? ಅದನ್ನು ಕೆಡಿಸಿದ್ದು ಏನು? ಇವೆರಡಕ್ಕೆ ಉತ್ತರ ಸಿಕ್ಕರೆ ಹೊಸದೋ ಹಳೆಯದೋ ಎಂಬುದು ಬಹುಪಾಲು ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ಕುಡುತಿನಿ ಬಳಿ ಉಷ್ಣ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿಗಳು ಕಾಣುತ್ತವೆ. ಅಲ್ಲಿರುವ ಮೂರು ಘಟಕಗಳಲ್ಲಿ ಎರಡು 500 ಮೆಗಾವ್ಯಾಟ್‌ನವು, ಒಂದು 700 ಮೆಗಾವ್ಯಾಟ್‌ನದು. ಎಲೆಕ್ಟ್ರಿಷಿಯನ್ ಡೈನಮೋ ಎನ್ನುವ ಕಾರಿನ ಆಲ್ಟರ್ನೇಟರ್ ಆ ಜನರೇಟರ್‌ಗಳ ಕುಲದ್ದೇ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವೇ ಎರಡರಲ್ಲೂ ಕೆಲಸ ಮಾಡುತ್ತದೆ: ತಾಮ್ರದ ಸುರುಳಿಯ ಬಳಿ ಅಯಸ್ಕಾಂತ ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಆಲ್ಟರ್ನೇಟರ್ ಒಳಗೆ ತಿರುಗುವ ರೋಟರ್ ಒಂದು ವಿದ್ಯುದಯಸ್ಕಾಂತ. ಅದರ ಸುರುಳಿಗೆ ಕರೆಂಟ್ ಹೋಗುವುದು ಎರಡು ಸಣ್ಣ ಕಾರ್ಬನ್ ಬ್ರಷ್‌ಗಳ ಮೂಲಕ; ಬ್ರಷ್‌ಗಳು ತಾಮ್ರದ ಎರಡು ಉಂಗುರಗಳ ಮೇಲೆ, ಅಂದರೆ ಸ್ಲಿಪ್ ರಿಂಗ್‌ಗಳ ಮೇಲೆ, ಸದಾ ಉಜ್ಜುತ್ತಿರುತ್ತವೆ. ಸುತ್ತ ಅಲುಗದೆ ಕೂತಿರುವ ಸ್ಟೇಟರ್ ಸುರುಳಿಗಳಲ್ಲಿ ಮೂರು ಫೇಸ್‌ನ ಎಸಿ ಕರೆಂಟ್ ಹುಟ್ಟುತ್ತದೆ. ರೆಕ್ಟಿಫೈಯರ್ ಪ್ಲೇಟಿನ ಮೇಲಿನ ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ. ರೋಟರ್‌ಗೆ ಎಷ್ಟು ಕರೆಂಟ್ ಬಿಡಬೇಕೆಂದು ನೋಡಿಕೊಂಡು, ವೋಲ್ಟೇಜನ್ನು 14ರ ಆಸುಪಾಸಿನಲ್ಲಿ ಹಿಡಿದಿಡುವುದು ರೆಗ್ಯುಲೇಟರ್.

ಕುಡುತಿನಿಯಂಥ ಕಡೆ ರೋಟರ್ ನಿಮಿಷಕ್ಕೆ 3000 ಸುತ್ತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಕಾರಿನಲ್ಲಿ ಹಾಗಲ್ಲ. ಪುಲ್ಲಿಗಳ ಅಳತೆಯಿಂದಾಗಿ ಆಲ್ಟರ್ನೇಟರ್ ಇಂಜಿನ್‌ಗಿಂತ ಎರಡು-ಮೂರು ಪಟ್ಟು ವೇಗವಾಗಿ ತಿರುಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ 2000 ಸುತ್ತು, ಇಂಜಿನ್ ಜೋರಾದಾಗ 15,000ದವರೆಗೂ. ಇನ್ನೊಂದು ವ್ಯತ್ಯಾಸ ತಂಪಿನದು. 500 ಮೆಗಾವ್ಯಾಟ್ ಗಾತ್ರದ ಜನರೇಟರ್‌ಗಳನ್ನು ಸಾಮಾನ್ಯವಾಗಿ ಹೈಡ್ರೋಜನ್ ಅನಿಲ ಮತ್ತು ಶುದ್ಧ ನೀರಿನಿಂದ ತಣಿಸುತ್ತಾರೆ. ಕಾರಿನದಕ್ಕೆ ತನ್ನದೇ ಫ್ಯಾನ್ ಎಳೆದುಕೊಳ್ಳುವ ಗಾಳಿಯೇ ಗತಿ, ಅದೂ ಇಂಜಿನ್ ಪಕ್ಕದಲ್ಲಿ ಕಾದು ಬಂದ ಗಾಳಿ.

ಈ ತಂಪಿನ ವಿಷಯವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 14 ವೋಲ್ಟ್‌ನಲ್ಲಿ 70 ಆಂಪಿಯರ್ ಕೊಡುತ್ತಿರುವ ಆಲ್ಟರ್ನೇಟರ್ ಸುಮಾರು 980 ವ್ಯಾಟ್ ವಿದ್ಯುತ್ ತಯಾರಿಸುತ್ತಿರುತ್ತದೆ. ಅದರ ದಕ್ಷತೆ ಶೇಕಡ 60 ಎಂದಿಟ್ಟುಕೊಂಡರೆ 650 ವ್ಯಾಟ್‌ನಷ್ಟು ಶಕ್ತಿ ಶಾಖವಾಗಿ ಅಲ್ಲೇ ಉಳಿಯುತ್ತದೆ. ಎರಡು ಮುಷ್ಟಿ ಗಾತ್ರದ ಅಲ್ಯೂಮಿನಿಯಂ ಡಬ್ಬಿಯೊಳಗೆ ಸದಾ ಉರಿಯುವ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ. ಡಯೋಡ್‌ಗಳ ಪಾಲೇ ಕಡಿಮೆಯದಲ್ಲ. ಕರೆಂಟ್ ಹೊರಬರಲು ಪ್ರತಿ ಸಲ ಎರಡು ಡಯೋಡ್ ದಾಟಬೇಕು, ಅಷ್ಟರಲ್ಲಿ 1.7 ವೋಲ್ಟ್‌ನಷ್ಟು ಕಳೆದುಹೋಗುತ್ತದೆ. 70 ಆಂಪಿಯರ್‌ಗೆ ಲೆಕ್ಕ ಹಾಕಿದರೆ ಆ ಪುಟ್ಟ ಪ್ಲೇಟಿನ ಮೇಲೆಯೇ ಸುಮಾರು 120 ವ್ಯಾಟ್ ಶಾಖ.

ಈಗ ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ಕಾರು ನಿಂತಿದೆ ಎಂದುಕೊಳ್ಳಿ. ಹೊರಗೆ 40 ಡಿಗ್ರಿ ದಾಟಿದೆ. ಎಸಿ ಬ್ಲೋವರ್ ಪೂರಾ ಜೋರು, ರೇಡಿಯೇಟರ್ ಫ್ಯಾನ್ ನಿಲ್ಲುತ್ತಲೇ ಇಲ್ಲ. ಇಂಜಿನ್ ಐಡಲ್‌ನಲ್ಲಿರುವುದರಿಂದ ಆಲ್ಟರ್ನೇಟರ್‌ನ ಸ್ವಂತ ಫ್ಯಾನ್ ಮಾತ್ರ ನಿಧಾನ. ಬೇಡಿಕೆ ಅತಿ ಹೆಚ್ಚು ಇರುವ ಗಳಿಗೆಯಲ್ಲೇ ತಂಪು ಅತಿ ಕಡಿಮೆ. ತಾಮ್ರ ಬಿಸಿಯಾದಷ್ಟೂ ಅದರ ರೋಧ ಏರುತ್ತದೆ, ಡಿಗ್ರಿಗೆ ಶೇಕಡ 0.39ರಷ್ಟು. 25 ಡಿಗ್ರಿಯಲ್ಲಿದ್ದ ಸುರುಳಿ 125ಕ್ಕೆ ಏರಿದರೆ ರೋಧ ಶೇಕಡ 39 ಹೆಚ್ಚಾಯಿತು. ರೋಟರ್‌ಗೆ ಹೋಗುವ ಕರೆಂಟ್ ಅದಕ್ಕೆ ತಕ್ಕಂತೆ ತಗ್ಗಿ, ಅಯಸ್ಕಾಂತದ ಬಲ ಕುಗ್ಗಿ, ಔಟ್‌ಪುಟ್ ಇಳಿಯುತ್ತದೆ. ಬೆಳಗಿನ ತಂಪಿನಲ್ಲಿ ಸರಿಯಾಗಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮಧ್ಯಾಹ್ನ ಸೋಲುವುದು ಹೀಗೆ. ತಂತಿಯ ಮೇಲಿನ ವಾರ್ನಿಷ್ ಪದರದ ಕಥೆ ಇನ್ನೂ ಕಠಿಣ. ವಿದ್ಯುತ್ ಯಂತ್ರಗಳ ಎಂಜಿನಿಯರ್‌ಗಳು ಬಹುಕಾಲದಿಂದ ನಂಬಿರುವ ಒಂದು ಲೆಕ್ಕವಿದೆ: ಸುರುಳಿಯ ಬಿಸಿ 10 ಡಿಗ್ರಿ ಏರಿದರೆ ಇನ್ಸುಲೇಶನ್‌ನ ಆಯುಷ್ಯ ಅರ್ಧವಾಗುತ್ತದೆ. ಡಿಸೆಂಬರ್‌ಗೂ ಮೇ ತಿಂಗಳಿಗೂ ಹೊರಗಿನ ಬಿಸಿಯಲ್ಲೇ ಅಷ್ಟು ಅಂತರ ಕಾಣುವ ಊರಿನಲ್ಲಿ ನಾವಿದ್ದೇವೆ.

ಇನ್ನು ದೂಳು. ಅದಿರಿನ ಪುಡಿ ಡೈನಮೋದ ಅಯಸ್ಕಾಂತಕ್ಕೆ ಅಂಟಿಕೊಂಡು ಸುಡುತ್ತದೆ ಎಂಬ ನಂಬಿಕೆಗೆ ಅಷ್ಟೇನೂ ಬಲವಿಲ್ಲ. ಸಂಡೂರು ಬೆಟ್ಟಸಾಲಿನ ಅದಿರು ಮುಖ್ಯವಾಗಿ ಹೆಮಟೈಟ್. ಅಯಸ್ಕಾಂತ ಅದನ್ನು ಸೆಳೆಯುವುದು ತೀರ ದುರ್ಬಲವಾಗಿ. ಬಲವಾಗಿ ಅಂಟಿಕೊಳ್ಳುವುದು ಮ್ಯಾಗ್ನೆಟೈಟ್. ಹೆಮಟೈಟ್‌ನ ಹಾನಿ ಇರುವುದು ಅದರ ಗಡಸುತನದಲ್ಲಿ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾನದಲ್ಲಿ ತಾಮ್ರಕ್ಕೆ 3, ಹೆಮಟೈಟ್‌ಗೆ 5ರಿಂದ 6. ಬ್ರಷ್ ಮತ್ತು ಸ್ಲಿಪ್ ರಿಂಗ್ ನಡುವೆ ಆ ಕೆಂಪು ಪುಡಿ ಸೇರಿತೆಂದರೆ ಸ್ಯಾಂಡ್‌ಪೇಪರ್ ಉಜ್ಜಿದಂತೆಯೇ. ಬಿಚ್ಚಿದ ರೋಟರನ್ನು ಕೈಗೆ ತೆಗೆದುಕೊಂಡು ಉಂಗುರದ ಮೇಲೆ ಉಗುರು ಆಡಿಸಿ ನೋಡಿ. ಕನ್ನಡಿಯಂತೆ ನುಣುಪಾಗಿರಬೇಕಾದ ಕಡೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿರುತ್ತದೆ, ಗೀರಿನ ಅಂಚಿನಲ್ಲಿ ಕರಿ-ಕೆಂಪು ಹಿಟ್ಟು ಮೆತ್ತಿರುತ್ತದೆ. ಬ್ರಷ್ಷೂ ಅಷ್ಟೇ. ಹಲವು ಆಲ್ಟರ್ನೇಟರ್‌ಗಳಲ್ಲಿ ಹೊಸ ಬ್ರಷ್ ತನ್ನ ಹೋಲ್ಡರ್‌ನಿಂದ 10 ಮಿ.ಮೀ.ನಷ್ಟು ಹೊರಚಾಚಿರುತ್ತದೆ, ಸವೆದು 1.5 ಮಿ.ಮೀ.ಗೆ ಬಂದಾಗ ಸ್ಪ್ರಿಂಗ್‌ಗೆ ಅದನ್ನು ಒತ್ತುವ ಬಲ ಉಳಿದಿರುವುದಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಬ್ಯಾಟರಿ ದೀಪ ಹತ್ತಿ ಆರುತ್ತಿದ್ದರೆ ಮೊದಲ ಅನುಮಾನ ಇಲ್ಲಿಗೇ ಹೋಗಬೇಕು.

ಸಿರುಗುಪ್ಪದ ದೂಳಿನ ಗುಣ ಬೇರೆ. ತುಂಗಭದ್ರೆಯ ನೀರಿನಲ್ಲಿ ಬೆಳೆಯುವ ಭತ್ತ, ಕೊಯ್ಲಿನ ಕಾಲದ ಹೊಟ್ಟು, ರೈಸ್ ಮಿಲ್‌ಗಳ ಸುತ್ತ ಹಾರಾಡುವ ತೌಡು. ಭತ್ತದ ಹೊಟ್ಟಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಸಿಲಿಕಾ, ಅದೂ ತಾಮ್ರಕ್ಕಿಂತ ಗಡಸು. ಅದಕ್ಕಿಂತ ಮುಖ್ಯವಾಗಿ ಹೊಟ್ಟಿನ ಎಳೆಗಳು ಆಲ್ಟರ್ನೇಟರ್‌ನ ಗಾಳಿ ಕಿಂಡಿಗಳಲ್ಲಿ ಕೂತು ಇದ್ದ ಒಂದೇ ತಂಪಿನ ದಾರಿಯನ್ನೂ ಮುಚ್ಚುತ್ತವೆ. ಕುರುಗೋಡು ಕಡೆ ಎರೆ ಹೊಲದ ದಾರಿಗಳಲ್ಲಿ ಮಳೆಗಾಲದಲ್ಲಿ ಓಡಾಡುವ ಗಾಡಿಗಳಿಗೆ ಕೆಸರಿನ ಕಾಟ. ಎರೆ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವ ಜೇಡಿಯಾದ್ದರಿಂದ, ಬೇರಿಂಗ್ ಸೀಲಿನ ಬಳಿ, ಟರ್ಮಿನಲ್‌ಗಳ ಸಂದಿಯಲ್ಲಿ ಮೆತ್ತಿಕೊಂಡು ಬೇಗ ಒಣಗುವುದಿಲ್ಲ. ತುಕ್ಕಿಗೆ ಅಷ್ಟೇ ಸಾಕು.

ಹಾಗಾದರೆ ಬಿಚ್ಚಿ ಮಾಡಿಸುವುದು ಯಾವಾಗ? ಬ್ರಷ್, ಬೇರಿಂಗ್, ರೆಗ್ಯುಲೇಟರ್, ರೆಕ್ಟಿಫೈಯರ್ ಪ್ಲೇಟ್, ಈ ನಾಲ್ಕರಲ್ಲಿ ಯಾವುದು ಹೋಗಿದ್ದರೂ ರಿಪೇರಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಇವು ಸವೆಯಲೆಂದೇ, ಬದಲಿಸಲೆಂದೇ ಇರುವ ಭಾಗಗಳು. ಸ್ಲಿಪ್ ರಿಂಗ್ ಸ್ವಲ್ಪ ಸವೆದಿದ್ದರೆ ಲೇತ್‌ನಲ್ಲಿ ನುಣುಪು ಮಾಡಬಹುದು. ಆದರೆ ಇಲ್ಲಿ ಬಿಡಿಭಾಗದ ಗುಣಮಟ್ಟದ ಮೇಲೆ ಎಲ್ಲವೂ ನಿಂತಿದೆ. ಬೇರಿಂಗ್ ಮೇಲಿನ ನಂಬರ್ ಒಂದೇ ಇದ್ದರೆ ಸಾಲದು. ಅದೇ ಅಳತೆಯ ಬೇರಿಂಗ್ ನೀರೆತ್ತುವ ಮೋಟಾರ್‌ಗೂ ಬರುತ್ತದೆ. ಆದರೆ ಅದರೊಳಗಿನ ಗ್ರೀಸ್ 15,000 ಸುತ್ತಿನ ವೇಗಕ್ಕೂ ಬಾನೆಟ್ಟಿನ ಕೆಳಗಿನ ಬಿಸಿಗೂ ಮಾಡಿದ್ದಲ್ಲ. ಒಂದು ಬೇಸಿಗೆ ಕಳೆಯುವುದರೊಳಗೆ ಗುಂಯ್‌ಗುಡಲು ಶುರುವಾಗುತ್ತದೆ. ಡಯೋಡ್ ಪ್ಲೇಟ್ ಕೂಡ ಮೂಲ ಆಲ್ಟರ್ನೇಟರ್‌ನಷ್ಟೇ ಆಂಪಿಯರ್ ತಾಳುವಂಥದ್ದೇ ಆಗಿರಬೇಕು. ಅಗ್ಗದ ಪ್ಲೇಟ್ ಜನವರಿಯಲ್ಲಿ ಚೆನ್ನಾಗಿಯೇ ಓಡಿ ಏಪ್ರಿಲ್‌ನಲ್ಲಿ ಕೈಕೊಟ್ಟರೆ ಅದಕ್ಕೆ ಕಾರಣ ಮೇಲೆ ಹೇಳಿದ ಆ 120 ವ್ಯಾಟ್.

ಸ್ಟೇಟರ್ ಸುಟ್ಟಿದ್ದರೆ ಮಾತು ಬೇರೆ. ಸುಟ್ಟ ವಾರ್ನಿಷ್‌ನ ಘಾಟು ಮೂಗಿಗೇ ತಿಳಿಯುತ್ತದೆ, ಜೇನಿನ ಬಣ್ಣದ ತಂತಿ ಇದ್ದಿಲಿನಂತೆ ಕಪ್ಪಾಗಿರುತ್ತದೆ. ಹಳೆಯ ಮಾದರಿಗಳಲ್ಲಿ ದುಂಡನೆಯ ತಂತಿಯನ್ನು ಕೈಯಿಂದ ರಿವೈಂಡ್ ಮಾಡುವ ನುರಿತ ಕೆಲಸಗಾರರು ನಮ್ಮಲ್ಲಿದ್ದಾರೆ. ಅವರ ಕೌಶಲದ ಬಗ್ಗೆ ನನಗೆ ಅಪಾರ ಗೌರವ. ಆದರೆ ಈಚಿನ ಅನೇಕ ಆಲ್ಟರ್ನೇಟರ್‌ಗಳಲ್ಲಿ ಚಪ್ಪಟೆ ತಾಮ್ರದ ಪಟ್ಟಿಗಳನ್ನು ಹೇರ್‌ಪಿನ್ ಆಕಾರಕ್ಕೆ ಬಗ್ಗಿಸಿ, ಯಂತ್ರದಲ್ಲಿ ತುಂಬಿ, ತುದಿಗಳನ್ನು ವೆಲ್ಡ್ ಮಾಡಿರುತ್ತಾರೆ. ಅಷ್ಟೇ ಜಾಗದಲ್ಲಿ ಅಷ್ಟು ತಾಮ್ರವನ್ನು ಕೈಯಿಂದ ತುಂಬಲಾಗದು. ತಾಮ್ರ ಕಡಿಮೆಯಾದರೆ ರೋಧ ಹೆಚ್ಚು, ರೋಧ ಹೆಚ್ಚಾದರೆ ಬಿಸಿ ಹೆಚ್ಚು. ಅಂಥದ್ದು ಸುಟ್ಟರೆ ಬದಲಿಸುವುದೇ ಲೇಸು. ಬೇರಿಂಗ್ ಕೂರುವ ಮನೆ ಸವೆದು ಬೇರಿಂಗ್ ಒಳಗೇ ತಿರುಗುತ್ತಿದ್ದರೂ, ರೋಟರ್ ಹೋಗಿ ಸ್ಟೇಟರ್‌ಗೆ ತಾಗಿದ ಗುರುತಿದ್ದರೂ ಹೊಸದೇ ಬೇಕು. ಇಂಜಿನ್ ಕಂಪ್ಯೂಟರ್ ನಿಯಂತ್ರಿಸುವ ಆಲ್ಟರ್ನೇಟರ್‌ಗಳಿಗೆ ಅದೇ ಮಾದರಿಯ ರೆಗ್ಯುಲೇಟರ್ ಸಿಗದಿದ್ದರೆ ರಿಪೇರಿಯ ಆಸೆ ಬಿಡಬೇಕು. 2015ರಲ್ಲಿ ಮಾರುತಿ ಸಿಯಾಜ್‌ನೊಂದಿಗೆ ಬಂದ ಎಸ್‌ಎಚ್‌ವಿಎಸ್‌ನಂಥ ವ್ಯವಸ್ಥೆಯಲ್ಲಿ ಸ್ಟಾರ್ಟರ್ ಕೆಲಸವನ್ನೂ ಜನರೇಟರ್ ಕೆಲಸವನ್ನೂ ಒಂದೇ ಯಂತ್ರ ಮಾಡುತ್ತದೆ. ಅದು ಮಾಮೂಲಿ ಡೈನಮೋ ಅಂಗಡಿಯ ಕೆಲಸವಲ್ಲ.

ಇದೆಲ್ಲಕ್ಕೂ ಮುಂಚೆ, ಆಲ್ಟರ್ನೇಟರ್ ನಿಜಕ್ಕೂ ಕೆಟ್ಟಿದೆಯೇ ಎಂದು ನೋಡಬೇಕು. ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಇಂಜಿನ್ ಓಡುವಾಗ 13.8ರಿಂದ 14.5. ಹೆಡ್‌ಲೈಟ್, ಬ್ಲೋವರ್ ಹಾಕಿ, ಇಂಜಿನ್ ತುಸು ಏರಿಸಿದಾಗಲೂ 13.2ಕ್ಕಿಂತ ಕೆಳಗಿಳಿಯಬಾರದು. ಇಂಜಿನ್ ಓಡುತ್ತಿರುವಾಗಲೇ ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಗೆ ಹಿಡಿದರೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂತೆಂದರೆ ಯಾವುದೋ ಡಯೋಡ್ ಹೋಗಿದೆ ಎಂದೇ ಅರ್ಥ. ಆಲ್ಟರ್ನೇಟರ್‌ನ ದಪ್ಪ ವೈರಿನ ಬೋಲ್ಟ್‌ನಲ್ಲಿ 14.2, ಬ್ಯಾಟರಿಯಲ್ಲಿ 13.2 ಇದ್ದರೆ ದೋಷ ನಡುವಿನ ವೈರು, ಲಗ್ಗು, ಫ್ಯೂಸಿನದು. ಅರ್ಥಿಂಗ್ ಪಟ್ಟಿಯನ್ನೂ ಹೀಗೇ ಪರೀಕ್ಷಿಸಬೇಕು. ಸಡಿಲ ಬೆಲ್ಟಿನ ದೆಸೆಯಿಂದ ಒಳ್ಳೆಯ ಆಲ್ಟರ್ನೇಟರ್ ಗುಜರಿ ಸೇರುವುದುಂಟು, ಅದು ನನಗೆ ನೋವಿನ ಸಂಗತಿ.

ಒಂದು ಹಳೆಯ ಪರೀಕ್ಷೆಯನ್ನು ಮಾತ್ರ ದಯವಿಟ್ಟು ಮಾಡಗೊಡಬೇಡಿ: ಇಂಜಿನ್ ಓಡುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು, ಗಾಡಿ ಬಂದ್ ಆಗುತ್ತದೋ ಇಲ್ಲವೋ ಎಂದು ನೋಡುವುದು. ಕರೆಂಟ್ ಹೀರಿಕೊಳ್ಳುತ್ತಿದ್ದ ಬ್ಯಾಟರಿ ಹಠಾತ್ತನೆ ಇಲ್ಲವಾದರೆ ರೋಟರ್‌ನ ಅಯಸ್ಕಾಂತ ಕ್ಷೇತ್ರ ಅಷ್ಟು ಬೇಗ ಇಳಿಯುವುದಿಲ್ಲ. ತಡೆ ಇಲ್ಲದ ವ್ಯವಸ್ಥೆಯಲ್ಲಿ ವೋಲ್ಟೇಜ್ ಕ್ಷಣಕಾಲ 80-100ರವರೆಗೂ ನೆಗೆಯಬಲ್ಲದು. ಡಯೋಡು, ರೆಗ್ಯುಲೇಟರ್, ಇಂಜಿನ್ ಕಂಪ್ಯೂಟರ್ ಯಾವುದು ಬೇಕಾದರೂ ಆ ಏಟಿಗೆ ಹೋಗಬಹುದು.

ಕೆಡಿಸಿದ್ದು ಏನೆಂಬ ಪ್ರಶ್ನೆಯನ್ನು ಬಿಟ್ಟರೆ ಹೊಸದು ಹಾಕಿಯೂ ಪ್ರಯೋಜನವಿಲ್ಲ. ಇಂಜಿನ್‌ನಿಂದ ಜಿನುಗುವ ಆಯಿಲ್ ಬ್ರಷ್‌ಗಳ ಮೇಲೆ ಬೀಳುತ್ತಿದ್ದರೆ ಹೊಸ ಬ್ರಷ್ಷೂ ಅದೇ ದಾರಿ ಹಿಡಿಯುತ್ತದೆ. ಸತ್ತ ಬ್ಯಾಟರಿಯ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಿ, ಎಸಿ ಹಾಕಿಕೊಂಡು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಮಧ್ಯಾಹ್ನ ಹೊರಟರೆ ದಾರಿಯುದ್ದಕ್ಕೂ ಆಲ್ಟರ್ನೇಟರ್ ತನ್ನ ಪೂರ್ಣ ಶಕ್ತಿಯಲ್ಲಿ ದುಡಿಯುತ್ತದೆ. ಅದನ್ನು ಮಾಡಿರುವುದು ತುಂಬಿದ ಬ್ಯಾಟರಿಯನ್ನು ತುಂಬಿದ ಹಾಗೇ ಇಡಲು. ಬರಿದಾದದ್ದನ್ನು ಮೊದಲು ಚಾರ್ಜರ್‌ಗೆ ಹಾಕಬೇಕು.

ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ನಾನಾದರೆ ಹೊಸದನ್ನೇ ಹಾಕಿಸುತ್ತೇನೆ, ಇಲ್ಲವಾದರೆ ಬಿಚ್ಚಿ ಮಾಡಿಸುತ್ತೇನೆ, ತೆಗೆದ ಹಳೆ ಭಾಗಗಳನ್ನು ಕೇಳಿ ಪಡೆದು ನೋಡುತ್ತೇನೆ. ಎರಡರಲ್ಲಿ ಯಾವುದಾದರೂ, ಅಂಗಡಿಯ ನೆರಳಿನಲ್ಲಿ ತಣ್ಣಗಿದ್ದಾಗ ತೋರಿಸುವ 14.2ಕ್ಕೆ ತೃಪ್ತರಾಗಬೇಡಿ. ಮಧ್ಯಾಹ್ನದ ಹೊತ್ತು ಅರ್ಧ ಗಂಟೆ ಓಡಿಸಿ, ಎಸಿ ಮತ್ತು ಹೆಡ್‌ಲೈಟ್ ಹಾಕಿಕೊಂಡೇ ವಾಪಸ್ ಅಂಗಡಿಗೆ ಹೋಗಿ, ಇಂಜಿನ್ ಆಫ್ ಮಾಡದೆ ಮತ್ತೊಮ್ಮೆ ಮೀಟರ್ ಹಿಡಿಸಿ. ಬಿಸಿಯಲ್ಲೂ 13.5ಕ್ಕಿಂತ ಮೇಲೆ ನಿಂತರೆ ಮನೆಗೆ ಹೋಗಬಹುದು. 13ರ ಕೆಳಗೆ ಜಾರಿದರೆ ಅಂದೇ, ಅಲ್ಲೇ ಮತ್ತೆ ಬಿಚ್ಚಿಸಿ ನೋಡಿಸಬೇಕು.