ಪಿಕಪ್ ಎತ್ತರಿಸುವ ಮುನ್ನ



ತೋಟದ ಹಾದಿಯಲ್ಲಿ ಗಾಡಿಯ ಅಡಿ ತಗಲುವುದೆಂದು ಕಳೆದ ವರ್ಷ ನಾನು ಪಿಕಪ್ಪಿನ ಮುಂಭಾಗಕ್ಕಷ್ಟೇ ಸ್ಪೇಸರ್ ಹಾಕಿಸಿ ಸಮ ಮಾಡಿಸಿದೆ. ಖಾಲಿಯಿದ್ದಾಗ ಚೆಂದವಿತ್ತು. ಕಾಫಿ ಮೂಟೆ ಹೇರಿದೊಡನೆ ಹಿಂಭಾಗ ಕುಸಿಯಿತು. ದೀಪದ ಬೆಳಕು ಮರದ ತುದಿಗೆ ಬಿತ್ತು. ಘಾಟಿಯ ತಿರುವಿನಲ್ಲಿ ಸ್ಟೀರಿಂಗ್ ಹಗುರವಾಯಿತು. ಪಕ್ಕದಲ್ಲಿ ಮಗನಿದ್ದ.

ಖಾಲಿ ಪಿಕಪ್ಪಿನ ಹಿಂಭಾಗ ಎತ್ತರವಿರುವುದೇ ಹೊರೆಗಾಗಿ. ಎರಡೂ ಕಡೆ ಎತ್ತರಿಸಿದರೆ ಮಗುಚುವ ಭಯ ಹೆಚ್ಚು. ಆದರೂ ಹಿಂದಿನ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ; ಅದನ್ನು ಎತ್ತುವುದು ದೊಡ್ಡ ಟಯರು ಮಾತ್ರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರ ನಿಗದಿಯಂತೆ ನೋಂದಣಿಪತ್ರದಲ್ಲಿರುವ ವಿವರಕ್ಕೆ ಭಿನ್ನವಾಗುವ ಮಾರ್ಪಾಡನ್ನು ನಿಷೇಧಿಸುತ್ತದೆ.

ಮೊದಲು ಸವೆದ ಸ್ಪ್ರಿಂಗ್ ಪ್ಲೇಟು ಬದಲಿಸಿ, ಹಾದಿಯ ಗುಂಡಿಗೆ ಜಲ್ಲಿ ತುಂಬಿಸಿ. ನಾನಂತೂ ಸ್ಪೇಸರ್ ತೆಗೆಸಿದ್ದೇನೆ.